ಬ್ಲೀಚಮ್ಮನ ಕೈ

ಯಾರಾದರೂ ಕೈ ಕುಲುಕಲು ಬಂದರೆ ಇಲಾರಿಯಾ ಚೌಕಾ ಎಂಬಾಕೆ ಅಂಗೈ ಕೊಡುತ್ತಿರಲಿಲ್ಲ. ಬೆರಳುಗಳನ್ನು ಒಳಕ್ಕೆ ಮಡಚಿಕೊಂಡು ಮಣಿಕಟ್ಟನ್ನು ಮುಂದೆ ಮಾಡುತ್ತಿದ್ದಳು. ಅಡುಗೆಗೆ ನಿಂತವಳ ಕೈ ಯಾರಿಗೂ ಸೋಕಬಾರದು ಎನ್ನುವುದು ಅವಳ ನೇಮ. ಪಾದ್ರಿ ಬಂದರೂ ಅಷ್ಟೇ, ನಗರಸಭೆಯ ದೊಡ್ಡವರು ಬಂದರೂ ಅಷ್ಟೇ. ಚಿಂಬೋತೆ ಬಂದರಿನ ಬೆನ್ನಿಗಿರುವ ಮರಳು ದಿಬ್ಬದ ಬಡಾವಣೆಯಲ್ಲಿ ಎಲ್ಲರೂ ಅವಳನ್ನು ಎದುರಿಗೆ ದೋನ್ಯಾ ಇಲಾರಿಯಾ ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಬೆನ್ನ ಹಿಂದೆ ಬ್ಲೀಚಮ್ಮ ಅನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಆ ಬಡಾವಣೆಯ ಹೆಂಗಸರೇ ಸೇರಿ ನಡೆಸುವ ಊಟದ ಮನೆಯೊಂದಿತ್ತು. ತಗಡಿನ ಸೂರು, ಎರಡು ದೊಡ್ಡ ಒಲೆ, ನಾಲ್ಕು ಉದ್ದನೆಯ ಮೇಜು. ದಿನಕ್ಕೆ ತೊಂಬತ್ತು ಜನರ ಮಧ್ಯಾಹ್ನದ ಊಟ ಅಲ್ಲಿ ಬೇಯುತ್ತಿತ್ತು. ಉಳಿದ ಹೆಂಗಸರು ಸರದಿಯ ಮೇಲೆ ಬರುತ್ತಿದ್ದರು. ಇಲಾರಿಯಾಳಿಗೆ ಮಾತ್ರ ಸರದಿಯೇ ಇರಲಿಲ್ಲ, ಎಲ್ಲ ದಿನವೂ ಅವಳದೇ. ಅಡುಗೆ ಕೋಣೆಯ ಬಾಗಿಲಲ್ಲಿ ಒಂದು ಬೇಸಿನ್ ಇಟ್ಟಿದ್ದಳು. ಅದರ ನೀರಿಗೆ ಬಟ್ಟೆ ಬೆಳ್ಳಗಾಗಿಸುವ ಬ್ಲೀಚನ್ನು ಕೈಗೆ ಬಂದಷ್ಟು ಸುರಿಯುತ್ತಿದ್ದಳು. ಒಳಗೆ ಬರುವವರು ಮೊಣಕೈವರೆಗೆ ಅದ್ದಿಯೇ ಬರಬೇಕು.

"ದೋನ್ಯಾ, ನಿಮ್ಮ ನೀರಲ್ಲಿ ಅದ್ದಿ ಅದ್ದಿ ನನ್ನ ಮದುವೆ ಉಂಗುರದ ಬಣ್ಣಾನೇ ಹೋಯ್ತು" ಎಂದು ಒಬ್ಬಳು ಗೊಣಗಿದರೆ, "ಗಂಡನೇ ಹೋಗಿ ಮೂರು ವರ್ಷ ಆಯ್ತು, ಉಂಗುರದ ಬಣ್ಣ ಇಟ್ಕೊಂಡು ಏನ್ ಮಾಡ್ತೀಯ? ಅದ್ದು ಕೈನ" ಎನ್ನುತ್ತಿದ್ದಳು ಇಲಾರಿಯಾ. ಅಡುಗೆ ಕೋಣೆಯೆಲ್ಲ ನಗುತ್ತಿತ್ತು. ಅವಳು ನಗುತ್ತಿರಲಿಲ್ಲ.

ಇಪ್ಪತ್ತು ವರ್ಷಗಳಲ್ಲಿ ಆ ಊಟದ ಮನೆಯ ಅನ್ನ ತಿಂದು ಒಬ್ಬರ ಹೊಟ್ಟೆಯೂ ಕೆಟ್ಟಿರಲಿಲ್ಲ. ಅವಳ ಬಾಳಿನಲ್ಲಿ ಹೆಮ್ಮೆ ಅಂತ ಇದ್ದದ್ದು ಅದೊಂದೇ.

ಅವಳಿಗೊಬ್ಬಳು ಮಗಳಿದ್ದಳು, ನೊಯೆಮಿ. ಮದುವೆಯಾಗಿ ಹತ್ತು ವರ್ಷವಾದ ಮೇಲೆ, ಎರಡು ಬಸಿರು ನಿಲ್ಲದೆ ಹೋದ ಮೇಲೆ ಹುಟ್ಟಿದ ಕೂಸು. ಅದೇ ತಿಂಗಳು ಪಕ್ಕದ ಮನೆಯ ತೊಮಾಸಾಳಿಗೂ ಕಡೆಯ ಮಗಳು ಎಲ್ವಿರಾ ಹುಟ್ಟಿದಳು. ನೊಯೆಮಿಯ ಜ್ಞಾನಸ್ನಾನಕ್ಕೆ ತೊಮಾಸಾ ಜ್ಞಾನತಾಯಿಯಾಗಿ ಮಡಿಲು ಕೊಟ್ಟಳು, ಎಲ್ವಿರಾಳದಕ್ಕೆ ಇಲಾರಿಯಾ. ಅವತ್ತಿನಿಂದ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದು ಕರೆಯತೊಡಗಿದರು. ಆ ಸೀಮೆಯಲ್ಲಿ ಅದು ಒಡಹುಟ್ಟಿಗಿಂತ ಹತ್ತಿರದ ನಂಟು.

ನೊಯೆಮಿಗೆ ನಾಲ್ಕು ತುಂಬಿದ ವರ್ಷವೇ ಕಾಲರಾ ಬಂದದ್ದು. ಫೆಬ್ರವರಿಯ ಬಿಸಿಲು. ನೀರಿನ ಲಾರಿ ಎರಡು ದಿನದಿಂದ ದಿಬ್ಬ ಹತ್ತಿರಲಿಲ್ಲ. ಪೀಪಾಯಿಯ ತಳದಲ್ಲಿ ಒಂದು ಗೇಣು ನೀರಿತ್ತು, ಅದು ಕುಡಿಯುವುದಕ್ಕೆ. ಇಲಾರಿಯಾ ಆಗ ಮೀನು ಡಬ್ಬಿಗೆ ತುಂಬುವ ಶೆಡ್ಡಿನಲ್ಲಿ ಮೀನಿನ ಹೊಟ್ಟೆ ಸೀಳುವ ಕೆಲಸಕ್ಕಿದ್ದಳು. ಮಧ್ಯಾಹ್ನ ಮನೆಗೆ ಬಂದಾಗ ಮಗು ಹಸಿವೆಂದು ಲಂಗ ಹಿಡಿದು ಎಳೆಯಿತು. ಅವಳು ಪೀಪಾಯಿಯನ್ನು ನೋಡಿದಳು, ತನ್ನ ಕೈಯನ್ನು ನೋಡಿಕೊಂಡಳು, ಆಮೇಲೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬೆಂದ ಆಲೂಗೆಡ್ಡೆಯ ಸಿಪ್ಪೆ ಸುಲಿದು, ಮುರಿದು, ಊದಿ ಊದಿ ಮಗುವಿನ ಬಾಯಿಗಿಟ್ಟಳು.

ಮಾರನೆಯ ಬೆಳಿಗ್ಗೆ ಮಗುವಿಗೆ ವಾಂತಿ ಭೇದಿ ಶುರುವಾಯಿತು. ಇಲಾರಿಯಾ ತೊಮಾಸಾಳ ಬಾಗಿಲು ಬಡಿದಳು. ತೊಮಾಸಾ ನೊಯೆಮಿಯನ್ನು ಶಾಲಿನಲ್ಲಿ ಬೆನ್ನಿಗೆ ಕಟ್ಟಿಕೊಂಡು ದಿಬ್ಬ ಇಳಿದು ಆಸ್ಪತ್ರೆಗೆ ಓಡಿದಳು. ಅಲ್ಲಿ ಹಜಾರದ ತುಂಬ ಜನ ಮಲಗಿದ್ದರು. ಮಧ್ಯಾಹ್ನ ಮೂರರ ಹೊತ್ತಿಗೆ ಮಗು ಹೋಯಿತು. ಗಂಡ ಫೆರ್ಮಿನ್ ಮೀನಿನ ದೋಣಿಯ ಮೇಲಿದ್ದ. ಒಂಬತ್ತು ದಿನದ ಮೇಲೆ ಬಂದವನು ಬಾಗಿಲಲ್ಲೇ ನಿಂತು ಒಂದೇ ಒಂದು ಮಾತು ಕೇಳಿದ.

"ಏನ್ ತಿನ್ಸಿದ್ದೆ ಅದಕ್ಕೆ?"

ಬೇರೇನೂ ಕೇಳಲಿಲ್ಲ. ಎರಡು ವರ್ಷದ ಮೇಲೆ ಬೇರೆ ಬಂದರಿಗೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ನಿಂತುಬಿಟ್ಟ. ಅವನು ಹೋದ ದುಃಖ ಇಲಾರಿಯಾಳಿಗೆ ಬೇಗ ಕರಗಿತು. ಅವನು ಕೇಳಿದ ಮಾತು ಮಾತ್ರ ಕರಗಲಿಲ್ಲ.

"ಅದು ನೀರಿನ ದೋಷ ಕಣೆ" ಎಂದು ತೊಮಾಸಾ ನೂರು ಸಲ ಹೇಳಿದಳು. "ಅರ್ಧ ಬಂದರಿಗೆ ಬಂತು. ಎಲ್ಲಾರೂ ನಿನ್ನ ಕೈಯಿಂದಾನೆ ತಿಂದ್ರಾ?"

ಆ ದಿನಗಳಲ್ಲಿ ಆರೋಗ್ಯದವರು ಮನೆಮನೆಗೆ ಬಂದು ಕುಡಿಯುವ ನೀರಿಗೆ ಲೀಟರಿಗೆ ಎರಡು ಹನಿ ಬ್ಲೀಚ್ ಹಾಕಿ ಅರ್ಧ ಗಂಟೆ ಬಿಡಬೇಕೆಂದು ಕಲಿಸಿ, ಬಾಟಲಿ ಕೊಟ್ಟು ಹೋಗಿದ್ದರು. ಇಲಾರಿಯಾ ನೀರಿಗೂ ಹಾಕಿದಳು, ಕೈಗೂ ಸುರಿದುಕೊಂಡಳು. ಚುರುಗುಟ್ಟಿತು. ಆ ಉರಿ ಅವಳಿಗೆ ಒಂದು ಬಗೆಯ ಸಮಾಧಾನ ಕೊಟ್ಟಿತು. ಆಮೇಲೆ ಬಿಡಲಿಲ್ಲ.

ಹೀಗೆ ಇಪ್ಪತ್ತೆರಡು ವರ್ಷ. ಅವಳ ಕೈ ನೀರಲ್ಲಿ ನೆನೆಹಾಕಿ ಮರೆತ ಆಲೂಗೆಡ್ಡೆಯ ಬಣ್ಣಕ್ಕೆ ತಿರುಗಿತ್ತು. ಗೆಣ್ಣುಗಳ ಮೇಲೆ ಚರ್ಮ ಸೀಳಿ ಕೆಂಪಗೆ ಕಾಣುತ್ತಿತ್ತು. ನಿಂಬೆಹುಳಿ ಹಿಂಡುವಾಗ ಅವಳು ಹಲ್ಲು ಕಚ್ಚುವುದನ್ನು ಎಲ್ಲರೂ ನೋಡಿದ್ದರು. ಸಂಜೆ ತೊಮಾಸಾ ಬಂದು, ಮಾತಾಡುತ್ತಾ ಮಾತಾಡುತ್ತಾ ಆ ಕೈಗಳನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಕೋಳಿಯ ಕೊಬ್ಬು ತಿಕ್ಕುತ್ತಿದ್ದಳು. ದುಂಡಗೆ ತುಂಬಿಕೊಂಡ ಹೆಂಗಸು, ಸಕ್ಕರೆ ಕಾಯಿಲೆ, ಎದೆಯೂ ದುರ್ಬಲ. ಡಾಕ್ಟರು ಬೇಡವೆಂದದ್ದನ್ನೆಲ್ಲ ನಗುತ್ತಲೇ ತಿನ್ನುವವಳು. ಅವಳು ಮನೆಗೆ ಹೋದ ಮರುಗಳಿಗೆಯೇ ಇಲಾರಿಯಾ ಕೊಬ್ಬನ್ನೆಲ್ಲ ಬ್ಲೀಚಲ್ಲಿ ತೊಳೆದುಕೊಳ್ಳುತ್ತಿದ್ದಳು.

ಒಮ್ಮೆ ಆರೋಗ್ಯ ಕೇಂದ್ರದ ನರ್ಸ್ ಮರ್ಲೇನಿ ಅಡುಗೆ ಕೋಣೆ ನೋಡಲು ಬಂದಳು. ಗುಡ್ಡಗಾಡಿನ ಕಡೆಯ ಚಿಕ್ಕ ವಯಸ್ಸಿನವಳು, ಮೆಲುಮಾತಿನವಳು. ಪಾತ್ರೆ, ಮಣೆ, ಚಾಕು ಎಲ್ಲವನ್ನೂ ನೋಡಿ ಮೆಚ್ಚಿಕೊಂಡಳು. ಆಮೇಲೆ ಇಲಾರಿಯಾಳ ಕೈ ಕಂಡವಳು ನಿಂತುಬಿಟ್ಟಳು.

"ದೋನ್ಯಾ, ಇದೇನಿದು? ಯಾವಾಗಿಂದ ಹೀಗಿದೆ?"

"ಕೆಲಸ ಮಾಡೋರ ಕೈ ಹೀಗೇ ಇರತ್ತೆ ಮಗಳೆ."

"ಬ್ಲೀಚ್ ಕೈಗಲ್ಲ ದೋನ್ಯಾ, ನೆಲಕ್ಕೆ, ಮಣೆಗೆ. ಕೈಗೆ ಸೋಪು ಸಾಕು. ಸೋಪು ಹಚ್ಚಿ ಉಜ್ಜಿ, ಚೆನ್ನಾಗಿ ತೊಳ್ದು, ಒಣಗಿಸಿ, ಕೆಲಸ ಮುಗಿದ್ಮೇಲೆ ಜಿಡ್ಡು ಏನಾದ್ರೂ ಹಚ್ಕೊಳ್ಳಿ. ಚರ್ಮ ಗಟ್ಟಿಯಿದ್ರೆ ಅದೇ ಬೇಲಿ. ಇಲ್ಲಿ ಒಡೆದಿದೆ ನೋಡಿ, ಈ ಸೀಳಿನೊಳಗೆ ರೋಗಾಣು ಸೇರ್ಕೊಂಡ್ರೆ ಎಷ್ಟು ತೊಳೆದ್ರೂ ಹೋಗಲ್ಲ. ಕೀವಾದ್ರೆ ಅಂತೂ ಅಡುಗೆ ಮುಟ್ಟಲೇಬಾರದು."

"ಜಿಡ್ಡು ಹಚ್ಚಿದ ಕೈ ಚೊಕ್ಕ, ತೊಳೆದ ಕೈ ಗಲೀಜು" ಎಂದು ಇಲಾರಿಯಾ ಉಳಿದ ಹೆಂಗಸರ ಕಡೆ ತಿರುಗಿದಳು. "ಕೇಳಿಸ್ಕೊಂಡ್ರೇನ್ರೇ? ಕಾಲೇಜಲ್ಲಿ ಈಗ ಇದನ್ನ ಕಲಿಸ್ತಾರಂತೆ."

ಹೆಂಗಸರು ನಕ್ಕರು. ನರ್ಸಿನ ಮುಖ ಕೆಂಪಾಯಿತು. ಅವಳು ಮತ್ತೆ ಒತ್ತಿ ಹೇಳಲಿಲ್ಲ. ಹೇಳಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳಂತೆ.

ಊಟದ ಮನೆಗೆ ಇಪ್ಪತ್ತು ತುಂಬಿದ್ದೂ ಫೆಬ್ರವರಿಯಲ್ಲೇ. ಅವತ್ತಿನ ಹಬ್ಬಕ್ಕೆ ಕೌಸಾ ಮಾಡುವುದೆಂದು ಹೆಂಗಸರೆಲ್ಲ ತೀರ್ಮಾನಿಸಿದರು. ಹಳದಿ ಆಲೂಗೆಡ್ಡೆಯನ್ನು ಬೇಯಿಸಿ, ಅರೆದ ಮೆಣಸಿನಕಾಯಿ, ನಿಂಬೆರಸ, ಎಣ್ಣೆ ಹಾಕಿ ಹಿಟ್ಟಿನ ಹದಕ್ಕೆ ನಾದಬೇಕು. ಅದನ್ನು ತಟ್ಟೆಯಲ್ಲಿ ಹರಡಿ, ಬೆಂದ ಕೋಳಿಯನ್ನು ಎಳೆಎಳೆಯಾಗಿ ಬಿಡಿಸಿ ಮೇಯೊನೇಸ್‌ನಲ್ಲಿ ಕಲಸಿ ನಡುವೆ ತುಂಬಿ, ಮೇಲೆ ಮತ್ತೊಂದು ಪದರ ಹೊದಿಸಬೇಕು. ತಣ್ಣಗೇ ತಿನ್ನುವ ತಿಂಡಿ. ಎಲ್ಲ ಕೈಯಲ್ಲೇ ಆಗಬೇಕಾದ ಕೆಲಸ, ಮತ್ತು ಇಲಾರಿಯಾಳ ಹದ ಬೇರೆ ಯಾರಿಗೂ ಬರುತ್ತಿರಲಿಲ್ಲ.

ಮೂರು ದಿನದಿಂದ ಅವಳ ಬಲಗೈಯ ತೋರುಬೆರಳಿನ ಪಕ್ಕದ ಸೀಳು ಊದಿಕೊಂಡು ಹಳದಿ ತಿರುಗಿತ್ತು. ಬೆಳಿಗ್ಗೆ ಆರೂವರೆಗೆ ಆಲೂಗೆಡ್ಡೆಯ ಕೊಪ್ಪರಿಗೆಯ ಮುಂದೆ ಇಬ್ಬರೇ ಇದ್ದಾಗ ತೊಮಾಸಾ ಅದನ್ನು ನೋಡಿದಳು.

"ಏನೇ ಅದು ಬೆರಳಲ್ಲಿ?"

"ಏನಿಲ್ಲ, ಮುಳ್ಳು ಚುಚ್ಚಿತ್ತು."

"ಮುಳ್ಳಲ್ಲ ಮಣ್ಣೂ ಅಲ್ಲ. ಕೀವು ತುಂಬಿದೆ. ಕೊಮಾದ್ರೆ, ಇವತ್ತೊಂದಿನ ನೀನು ಕೈ ಹಾಕಬೇಡ. ಪಕ್ಕದಲ್ಲಿ ಕೂತ್ಕೊಂಡು ಹೇಳು, ನಾನು ನಾದ್ತೀನಿ. ಬೇಕಾದ್ರೆ ಬೈಯಿ."

"ನೀನು ನಾದಿದ್ರೆ ಅದು ಕೌಸಾ ಆಗಲ್ಲ, ಗೋಡೆಗೆ ಮೆತ್ತೋ ಗಾರೆ ಆಗತ್ತೆ."

"ಗಾರೆನೇ ತಿನ್ನಲಿ ಬಿಡು ಒಂದಿನ."

"ನೀರು ಬೆರೆಸದ ಬ್ಲೀಚಲ್ಲಿ ಅದ್ದಿ ಹಿಡ್ಕೊಂಡಿದೀನಿ, ಹತ್ತು ನಿಮಿಷ" ಎಂದಳು ಇಲಾರಿಯಾ. "ಪ್ರಾಣ ಹೋದಂಗಾಯ್ತು. ಇದಕ್ಕಿಂತ ಚೊಕ್ಕ ಕೈ ಈ ಬಂದರಲ್ಲಿ ಯಾರದ್ದಾದ್ರೂ ಇದ್ರೆ ಕರ್ಕೊಂಡ್ ಬಾ."

ತೊಮಾಸಾ ಅವಳ ಮುಖವನ್ನೇ ನೋಡಿದಳು. ಆ ಕೈ ಗಲೀಜೆಂದು ಈ ಹೆಂಗಸಿಗೆ ಹೇಳುವುದೆಂದರೆ ಏನೆಂದು ಅವಳೊಬ್ಬಳಿಗೇ ಗೊತ್ತಿತ್ತು. ಮತ್ತೆ ಮಾತಾಡದೆ ಮೆಣಸಿನಕಾಯಿ ಅರೆಯಲು ಹೋದಳು.

ಎಂಟೂವರೆಯೊಳಗೆ ಕೌಸಾ ತಯಾರಾಗಿ ತಟ್ಟೆಗಳ ಮೇಲೆ ಬಿಳಿ ಬಟ್ಟೆ ಮುಚ್ಚಿತ್ತು. ಹನ್ನೊಂದಕ್ಕೆ ಬರಬೇಕಿದ್ದ ಅತಿಥಿಗಳು ಹನ್ನೆರಡೂವರೆಗೆ ಬಂದರು. ಭಾಷಣ, ಹಾರ, ಪಾದ್ರಿಯ ಪ್ರಾರ್ಥನೆ. ತಗಡಿನ ಸೂರಿನ ಕೆಳಗೆ ಬೆವರು ಇಳಿಯುವ ಸೆಕೆ. ಬಡಿಸುವಾಗ ಒಂದೂವರೆ ದಾಟಿತ್ತು. ಎಲ್ಲರೂ ಹೊಗಳಿ ತಿಂದರು. ತೊಮಾಸಾ ಎರಡು ತಟ್ಟೆ ತಿಂದಳು. "ಗಾರೆ ಅಲ್ಲ ಕಣೆ, ಬೆಣ್ಣೆ" ಎಂದು ದೂರದಿಂದಲೇ ಕೂಗಿದಳು. ಹಬ್ಬದ ಅಡುಗೆ ಮಾಡಿದ ದಿನ ಇಲಾರಿಯಾಳಿಗೆ ಹಸಿವಾಗುತ್ತಿರಲಿಲ್ಲ. ಅವಳು ಒಂದು ಲೋಟ ಚಹಾ ಕುಡಿದಳು, ಅಷ್ಟೇ.

ನಾಲ್ಕು ಗಂಟೆಗೆ ಮೊದಲನೆಯವರು ವಾಂತಿ ಮಾಡಿದರು. ಐದರ ಹೊತ್ತಿಗೆ ಬೀದಿಯ ಎರಡೂ ಬದಿಯಲ್ಲಿ ಜನ ಹೊಟ್ಟೆ ಹಿಡಿದುಕೊಂಡು ಕುಕ್ಕರಿಸಿದ್ದರು. ನಲವತ್ತಕ್ಕೂ ಹೆಚ್ಚು ಮಂದಿ. ಇಲಾರಿಯಾ ಉಪ್ಪು ಸಕ್ಕರೆ ಕದಡಿದ ನೀರಿನ ಕೊಡ ಹೊತ್ತು ಮನೆಮನೆಗೆ ಓಡಿದಳು. ಅವಳ ಬಾಯಲ್ಲಿ ಒಂದೇ ಮಾತು, "ಅದೇ ಬಂದಿದೆ, ಮತ್ತೆ ಅದೇ ಬಂದಿದೆ."

ತೊಮಾಸಾಳನ್ನು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಎಲ್ವಿರಾ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅವಳೂ ಎರಡು ಸಲ ವಾಂತಿ ಮಾಡಿಕೊಂಡಿದ್ದಳು. ಆಸ್ಪತ್ರೆಯ ಹಜಾರ, ಸಾಲು ಸಾಲು ಜನ, ಆ ವಾಸನೆ. ಅದನ್ನೆಲ್ಲ ಕಂಡ ಇಲಾರಿಯಾಳಿಗೆ ಏನಾಯಿತೋ. ಬೆಳಿಗ್ಗೆ ಮಾರುಕಟ್ಟೆಯಿಂದ ಕೋಳಿ ತಂದವಳು ಎಲ್ವಿರಾ ಎಂಬುದು ನೆನಪಾಯಿತು. ಬೀದಿಯ ಜನರೆಲ್ಲ ಕೇಳುವ ಹಾಗೆ ಅವಳ ಭುಜ ಹಿಡಿದು ಅಲುಗಿಸಿದಳು.

"ಕೋಳಿ ಮುಟ್ಟಿದ ಕೈ ತೊಳೆದಿದ್ಯಾ? ಹೇಳೇ. ಬೇಸಿನ್‌ನಲ್ಲಿ ಅದ್ದಿದ್ಯಾ?"

"ಅದ್ದಿದ್ದೆ ಮಾದ್ರಿನಾ. ನೀನೇ ನೋಡಿದ್ಯಲ್ಲ."

"ನಾನು ನೋಡಿಲ್ಲ. ನೀನು ಯಾವಾಗ್ಲೂ ಬೆರಳ ತುದಿ ಅದ್ದಿ ಓಡಿಹೋಗೋಳು. ನಿನ್ನಿಂದಾನೇ ಇದು. ನಿಮ್ಮಮ್ಮನ್ನ ನೀನೇ ಮಲಗಿಸ್ದೆ."

ಎಲ್ವಿರಾ ಹುಟ್ಟಿದಾಗಿನಿಂದ ಜ್ಞಾನತಾಯಿಯೆಂದು ಮಾದ್ರಿನಾ, ಮಾದ್ರಿನಾ ಎಂದು ಹಿಂದೆ ಹಿಂದೆ ಸುತ್ತಿದ ಹುಡುಗಿ. ನೊಯೆಮಿಗೆ ಈಗ ಇಷ್ಟೇ ವಯಸ್ಸಾಗಿರುತ್ತಿತ್ತು ಎಂದು ಇಲಾರಿಯಾ ವರ್ಷ ವರ್ಷವೂ ಅವಳನ್ನೇ ನೋಡಿ ಅಳೆದುಕೊಂಡಿದ್ದಳು. ಹಜಾರದಲ್ಲಿದ್ದವರು ಎಲ್ವಿರಾಳ ಕೈಯನ್ನೇ ನೋಡತೊಡಗಿದರು. ಅವಳು ಕೈಗಳನ್ನು ಕಂಕುಳಲ್ಲಿ ಮುಚ್ಚಿಕೊಂಡಳು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಎಲ್ವಿರಾ ಔಷಧಿ ತರಲು ಹೋದಾಗ ತೊಮಾಸಾಳ ಹತ್ತಿರ ಇಲಾರಿಯಾ ಕೂತಿದ್ದಳು. ಬಹುಪಾಲು ಜನ ಅಷ್ಟರಲ್ಲಿ ಸುಧಾರಿಸಿಕೊಂಡು ಮನೆಗೆ ಹೋಗಿದ್ದರು. ತೊಮಾಸಾಳ ವಾಂತಿಯೂ ನಿಂತಿತ್ತು. ಎದೆ ಮಾತ್ರ ಹಿಡಿತಕ್ಕೆ ಬರಲಿಲ್ಲ. ಅವಳು ಬಾ ಎಂದು ಬೆರಳಲ್ಲಿ ಕರೆದಳು. ಇಲಾರಿಯಾ ಬಗ್ಗಿ ಕಿವಿ ಕೊಟ್ಟಳು.

"ನಿನ್ನ ಬೆರಳಿನ ವಿಷಯ ಯಾರಿಗೂ ಹೇಳ್ಬೇಡ ಕೊಮಾದ್ರೆ. ಹರಿದು ತಿಂದಾರು ನಿನ್ನ."

"ಬೆರಳಿಗೇನಾಗಿದೆ? ಈಗ ಸುಮ್ನೆ ಮಲಕ್ಕೋ."

"ಮಲಗ್ತೀನಿ. ನಾನು ಬಾಯಿ ಬಿಡಲ್ಲ. ನೀನೂ ಬಿಡಬೇಡ."

ಇಲಾರಿಯಾಳಿಗೆ ಅರ್ಥವಾಗಲಿಲ್ಲ. ಜ್ವರದ ಕನವರಿಕೆ ಎಂದುಕೊಂಡು ಅವಳ ಹಣೆಯ ಬೆವರು ಒರೆಸಿದಳು. ಹತ್ತು ಗಂಟೆಗೆ ತೊಮಾಸಾ ತೀರಿಕೊಂಡಳು. ಅರವತ್ತಾರು ವರ್ಷ.

ಆರೋಗ್ಯ ಕಚೇರಿಯವರು ಬಂದು ಉಳಿದಿದ್ದ ಕೌಸಾದ ಮಾದರಿ ತೆಗೆದುಕೊಂಡು ಹೋದರು. ಅವತ್ತು ಅಡುಗೆ ಕೋಣೆಯಲ್ಲಿದ್ದ ಎಲ್ಲರ ಮೂಗಿನಿಂದ, ಕೈಯಿಂದ ಹತ್ತಿಕಡ್ಡಿ ಉಜ್ಜಿಕೊಂಡು ಹೋದರು. ಇಲಾರಿಯಾಳ ಬೆರಳನ್ನು ಕಂಡ ಮರ್ಲೇನಿ ಅದಕ್ಕೆ ಮದ್ದು ಹಾಕಿ ಪಟ್ಟಿ ಕಟ್ಟಿದಳು. ಊಟದ ಮನೆಗೆ ಬೀಗ ಬಿತ್ತು. ಬೀದಿಯಲ್ಲಿ ಎಲ್ವಿರಾಳನ್ನು ಕಂಡವರು ತಲೆ ತಿರುಗಿಸಿಕೊಂಡು ಹೋಗುತ್ತಿದ್ದರು. ತಾಯಿಯ ಸಮಾಧಿಗೆ ಮಣ್ಣು ಹಾಕುವಾಗಲೂ ಯಾರೋ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತು.

ಹನ್ನೊಂದನೆಯ ದಿನ ಮರ್ಲೇನಿ ಇಲಾರಿಯಾಳ ಮನೆಗೆ ಬಂದಳು. ಕೂರಲು ಹೇಳಿದರೂ ಸ್ವಲ್ಪ ಹೊತ್ತು ನಿಂತೇ ಇದ್ದಳು.

"ಕಾಲರಾ ಅಲ್ಲ ದೋನ್ಯಾ."

"ಮತ್ತೇನು?"

"ಗಾಯದಲ್ಲಿ ಬೆಳೆಯೋ ಒಂದು ರೋಗಾಣು. ಕೀವಲ್ಲಿ ಇರತ್ತೆ. ಅದು ಊಟಕ್ಕೆ ಬಿದ್ದು ಸೆಕೆಯಲ್ಲಿ ಐದಾರು ಗಂಟೆ ಇದ್ರೆ ವಿಷ ಬಿಡತ್ತೆ. ಆಮೇಲೆ ಬಿಸಿ ಮಾಡಿದ್ರೂ ಆ ವಿಷ ಹೋಗಲ್ಲ. ಕೌಸಾದಲ್ಲಿ ಅದು ಸಿಕ್ಕಿದೆ. ಅಡುಗೆಯವರಲ್ಲಿ ಒಬ್ಬರ ಕೈಯಲ್ಲಿ ಮಾತ್ರ ಅದೇ ಸಿಕ್ಕಿದೆ."

ಇಲಾರಿಯಾ ಪಟ್ಟಿ ಕಟ್ಟಿದ ಬೆರಳನ್ನು ನೋಡಿಕೊಂಡಳು. ಹೊರಗೆ ಯಾರದೋ ರೇಡಿಯೋ ಹಾಡುತ್ತಿತ್ತು.

"ನಾನು ತೊಳೆದಿದ್ದೆ ಮಗಳೆ."

"ಗೊತ್ತು."

"ಬರೀ ಬ್ಲೀಚಲ್ಲಿ ಅದ್ದಿದ್ದೆ. ಹತ್ತು ನಿಮಿಷ."

"ಗೊತ್ತು ದೋನ್ಯಾ. ಮೇಲೆ ಮೇಲೆ ಸತ್ತಿರತ್ತೆ, ಒಳಗಡೆ ಇದ್ದದ್ದು ನಾದೋವಾಗ ಹೊರಗೆ ಬರ್ತಾನೇ ಇರತ್ತೆ. ನೀವು ತೊಳೀದೆ ಆಗಿದ್ದಲ್ಲ. ಇಷ್ಟು ವರ್ಷ ಬ್ಲೀಚಲ್ಲಿ ತೊಳೆದೂ ತೊಳೆದೂ ಚರ್ಮಾನೇ ಉಳಿದಿರಲಿಲ್ಲ."

ಇಲಾರಿಯಾ ಕೇಳಿದ್ದು ತೊಮಾಸಾಳ ಬಗ್ಗೆ ಅಲ್ಲ.

"ಇಪ್ಪತ್ತೆರಡು ವರ್ಷದ ಹಿಂದೆ ನನ್ನ ಮಗೂಗೆ ತೊಳೀದ ಕೈಯಲ್ಲಿ ಆಲೂಗೆಡ್ಡೆ ತಿನ್ಸಿದ್ದೆ. ಮಾರನೇ ದಿನ ಹೋಯ್ತು. ಅದು ಕೈಯಿಂದ ಬಂತೋ ನೀರಿಂದ ಬಂತೋ, ನೀವು ಓದಿದೋರು, ಹೇಳೋಕಾಗತ್ತಾ?"

ಮರ್ಲೇನಿ ನೆಲದ ಮೇಲೆಯೇ ಕೂತಳು. "ಇಲ್ಲ ದೋನ್ಯಾ. ಯಾರಿಗೂ ಹೇಳೋಕಾಗಲ್ಲ. ನೀರಿಂದಾನೇ ಇರಬಹುದು. ಆಗ ಬಹಳಷ್ಟು ಜನಕ್ಕೆ ನೀರಿಂದಾನೇ ಬಂದಿತ್ತು."

"ಇರಬಹುದು" ಎಂದಳು ಇಲಾರಿಯಾ. ತೊಮಾಸಾ ನೂರು ಸಲ ಹೇಳಿದ್ದು ಇದೇ ಮಾತು. ಆಗ ಅದನ್ನು ನಂಬಿದ್ದರೆ ಈ ಕೈ ಹೀಗಾಗುತ್ತಿರಲಿಲ್ಲ, ಈ ಕೈ ಹೀಗಾಗದಿದ್ದರೆ ತೊಮಾಸಾ ಈಗ ಪಕ್ಕದ ಮನೆಯಲ್ಲಿ ಇರುತ್ತಿದ್ದಳು. ಅವಳು ಅಳಲಿಲ್ಲ. ಆಸ್ಪತ್ರೆಯಲ್ಲಿ ತೊಮಾಸಾ ಕಿವಿಯಲ್ಲಿ ಹೇಳಿದ್ದು ಏನೆಂದು ಈಗ ತಿಳಿಯಿತು. ಸಾಯುವ ಹೆಂಗಸಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡೇ ಹೋಗಿದ್ದಳು.

ನರ್ಸ್ ಎದ್ದು ನಿಂತು, ವರದಿಯಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ, ಕೈಗೆ ಗಾಯವಾದವರೊಬ್ಬರಿಂದ ಎಂದಷ್ಟೇ ಇರುತ್ತದೆ ಎಂದು ಹೇಳಿ ಹೋದಳು. ಇಲಾರಿಯಾ ಸುಮ್ಮನಿದ್ದುಬಿಡಬಹುದಿತ್ತು. ತೊಮಾಸಾ ಹೇಳಿದ್ದೂ ಅದನ್ನೇ.

ಅವತ್ತೇ ಮಧ್ಯಾಹ್ನ ಇಲಾರಿಯಾ ಪಕ್ಕದ ಮನೆಯ ಬಾಗಿಲು ತಟ್ಟಿದಳು. ಎಲ್ವಿರಾ ತನ್ನ ಕೈಗೂಸನ್ನು ಪಕ್ಕದಲ್ಲಿ ಮಲಗಿಸಿಕೊಂಡು ತಾಯಿಯ ಬಟ್ಟೆಗಳನ್ನು ಮಡಚಿ ರಟ್ಟಿನ ಡಬ್ಬಕ್ಕೆ ತುಂಬುತ್ತಿದ್ದಳು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ.

"ನಿನ್ನ ಕೈಯಿಂದಲ್ಲ ಮಗಳೆ" ಎಂದಳು ಇಲಾರಿಯಾ, ಹೊಸ್ತಿಲಾಚೆಯೇ ನಿಂತು. "ನನ್ನ ಕೈಯಿಂದ. ಬೆರಳಲ್ಲಿ ಕೀವಿತ್ತು. ನರ್ಸ್ ಈಗ ಹೇಳಿ ಹೋದ್ಲು. ಅವತ್ತು ಆಸ್ಪತ್ರೆಯಲ್ಲಿ ನಿನಗೆ ಅಂದಿದ್ದೆಲ್ಲ ತಪ್ಪು."

ಎಲ್ವಿರಾ ಕೈಯಲ್ಲಿದ್ದ ಸ್ವೆಟರನ್ನು ಕೆಳಗಿಟ್ಟಳು. "ಅಮ್ಮಂಗೆ ಗೊತ್ತಿತ್ತಾ?"

ಇದಕ್ಕೆ ಇಲ್ಲ ಅಂದಿದ್ದರೂ ನಡೆಯುತ್ತಿತ್ತು. ಅಂದು ಬೆಳಿಗ್ಗೆ ಆ ಕೊಪ್ಪರಿಗೆಯ ಮುಂದೆ ಮೂರನೆಯವರು ಇರಲಿಲ್ಲ.

"ಗೊತ್ತಿತ್ತು. ಬೆಳಿಗ್ಗೇನೇ ನೋಡಿದ್ಲು. ನೀನು ಕೈ ಹಾಕಬೇಡ, ನಾನು ನಾದ್ತೀನಿ ಅಂದ್ಲು. ನಾನು ಕೇಳಲಿಲ್ಲ."

"ಗೊತ್ತಿದ್ದೂ ಎರಡು ತಟ್ಟೆ ತಿಂದ್ಲಾ?"

"ತಿಂದ್ಲು."

ಎಲ್ವಿರಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ತೊಮಾಸಾ ಏಕೆ ತಿಂದಳೆಂದು ಅವರಿಬ್ಬರಿಗೂ ಹೇಳಿಕೊಳ್ಳಬೇಕಾಗಿರಲಿಲ್ಲ. ಕೊಮಾದ್ರೆ ನೋಡುತ್ತಿದ್ದಳು, ತಿನ್ನದಿದ್ದರೆ ನೊಂದುಕೊಳ್ಳುತ್ತಿದ್ದಳು. ಅದಕ್ಕೇ ತಿಂದಳು, ಚೆನ್ನಾಗಿದೆ ಎಂದು ಕೂಗಿಯೂ ಹೇಳಿದಳು.

"ನಮ್ಮಮ್ಮನ ಸಮಾಧಿ ಹತ್ರಾನೂ ಜನ ನನ್ನ ಕೈನೇ ನೋಡಿದ್ರು" ಎಂದಳು ಎಲ್ವಿರಾ. ದನಿ ಏರಲಿಲ್ಲ. "ಹನ್ನೊಂದು ದಿನ ನಾನೇ ಅಂತ ನಾನೂ ನಂಬಿದ್ದೆ. ನನ್ನ ಮಗುಗೆ ಹಾಲು ಕೊಡೋಕೂ ಹೆದರ್ಕೊಂಡೆ. ನೀವು ಹೋಗಿ ದೋನ್ಯಾ."

ಇಪ್ಪತ್ತಾರು ವರ್ಷದಲ್ಲಿ ಅವಳ ಬಾಯಿಂದ ನೀವು ಅಂತಲೂ ದೋನ್ಯಾ ಅಂತಲೂ ಬಂದದ್ದು ಅದೇ ಮೊದಲು. ಬೈದಿದ್ದರೆ ಇಲಾರಿಯಾ ತಡೆದುಕೊಳ್ಳುತ್ತಿದ್ದಳು. ಅವಳು ಬೀದಿಗೆ ಇಳಿದು, ಮೊದಲ ಮನೆಯಿಂದ ಶುರುಮಾಡಿ ಕಡೆಯ ಮನೆಯವರೆಗೆ ಒಂದೊಂದೇ ಬಾಗಿಲು ತಟ್ಟಿ ಅದನ್ನೇ ಹೇಳಿಕೊಂಡು ಹೋದಳು. ಎಲ್ವಿರಾಳದ್ದಲ್ಲ, ನನ್ನದು. ಕೆಲವರು ಅತ್ತರು, ಕೆಲವರು ಬಾಗಿಲು ಹಾಕಿಕೊಂಡರು. ಒಬ್ಬಳು ಮುದುಕಿ ಮಾತ್ರ, "ಕೂತ್ಕೋ, ನೀರು ಕುಡಿ" ಎಂದಳು. ಇಲಾರಿಯಾ ಕೂರಲಿಲ್ಲ.

ಊಟದ ಮನೆ ಮತ್ತೆ ತೆರೆದಾಗ ಅವಳು ಹೋಗಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ಬಾ ಎಂದೂ ಕರೆಯಲಿಲ್ಲ. ಮರ್ಲೇನಿ ವಾರಕ್ಕೆರಡು ಸಲ ಬಂದು ಅವಳ ಕೈಗೆ ಮುಲಾಮು ಹಚ್ಚಿ ಹತ್ತಿಯ ಗವಸು ತೊಡಿಸುತ್ತಿದ್ದಳು. ಬ್ಲೀಚ್ ನಿಂತ ಎರಡು ತಿಂಗಳಿಗೆ ಸೀಳುಗಳೆಲ್ಲ ಮುಚ್ಚಿದವು. ಹೊಸ ಚರ್ಮ ಬಂತು, ಮೆತ್ತಗೆ, ಕಂದು ಬಣ್ಣಕ್ಕೆ. ಇಷ್ಟು ಸುಲಭವಾಗಿ ವಾಸಿಯಾಗುವಂಥದ್ದು ಇಪ್ಪತ್ತೆರಡು ವರ್ಷ ತನ್ನ ಕೈಯಲ್ಲೇ ಇತ್ತು ಎಂಬುದನ್ನು ಅವಳಿಗೆ ಸಹಿಸಲಾಗಲಿಲ್ಲ. ಒಂದು ದಿನ ಮರ್ಲೇನಿ ಬಂದಾಗ ಆ ಕೈಗಳನ್ನು ಮಡಿಲಲ್ಲಿ ಮಲಗಿಸಿಕೊಂಡು, ಯಾರದೋ ಕೈಗಳೆಂಬಂತೆ ನೋಡುತ್ತಾ, ಸದ್ದಿಲ್ಲದೆ ಅಳುತ್ತಿದ್ದಳು. ತೊಮಾಸಾ ಸತ್ತ ಮೇಲೆ ಅವಳು ಅತ್ತದ್ದು ಅದೇ ಮೊದಲು.

ಬೇರೆ ಬಡಾವಣೆಗಳ ಅಡುಗೆ ಹೆಂಗಸರಿಗೆ ಪಾಠ ಹೇಳುವಾಗ ಜೊತೆಗೆ ಬರುತ್ತೀರಾ ಎಂದು ಮರ್ಲೇನಿ ಒಮ್ಮೆ ಅಳುಕುತ್ತಲೇ ಕೇಳಿದಳು. ಇಲಾರಿಯಾ ಹೋದಳು. ನಾಲ್ಕು ವರ್ಷ ಹೋಗುತ್ತಲೇ ಇದ್ದಳು. ಮುಂದೆ ನಿಂತು ಎರಡೂ ಕೈ ಎತ್ತಿ ತೋರಿಸಿ, ಆದದ್ದನ್ನು ಆದ ಹಾಗೇ ಹೇಳುತ್ತಿದ್ದಳು, ಹೆಸರುಗಳ ಸಮೇತ. ಎಲ್ಲೂ ತನ್ನ ಕಡೆಗೆ ವಾಲಿಸಿಕೊಳ್ಳುತ್ತಿರಲಿಲ್ಲ. ಕಡೆಗೆ, "ನಿಮ್ಮಲ್ಲಿ ಯಾರಿಗಾದ್ರೂ ಕೈಯಲ್ಲಿ ಗಾಯ ಇದ್ರೆ ಈಗ್ಲೇ ತೋರ್ಸಿ, ನಾಚ್ಕೋಬೇಡಿ. ಬೆಳಿಗ್ಗೆ ಎದ್ದು ಇವತ್ತು ನನ್ನಿಂದಾಗಲ್ಲ ಅಂತ ಹೇಳೋದನ್ನ ಕಲೀರಿ. ನನಗೆ ಅದೊಂದು ಬರಲಿಲ್ಲ" ಎನ್ನುತ್ತಿದ್ದಳು. ಹೆಂಗಸರು ಒಬ್ಬೊಬ್ಬರಾಗಿ ಶಾಲಿನಡಿಯಿಂದ ಕೈ ಹೊರತೆಗೆಯುತ್ತಿದ್ದರು.

ತನ್ನ ಮನೆಯಲ್ಲಿ ಅವಳು ಒಲೆ ಹಚ್ಚುವುದನ್ನೇ ಬಿಟ್ಟಿದ್ದಳು. ಊಟದ ಮನೆಯಿಂದ ದಿನಾ ಒಂದು ತಟ್ಟೆ ಅವಳಿಗೆ ಬರುತ್ತಿತ್ತು. ಯಾರ ಸರದಿಯೋ ಅವರು ತಂದುಕೊಡುತ್ತಿದ್ದರು. ಗುರುವಾರ ಎಲ್ವಿರಾಳ ಸರದಿ. ಮೊದಲ ವರ್ಷ ಗುರುವಾರ ತಟ್ಟೆ ಬರಲಿಲ್ಲ. ಎರಡನೆಯ ವರ್ಷ ಒಂದು ಗುರುವಾರ ಬಾಗಿಲ ಬಡಿತ ಕೇಳಿಸಿತು. ತೆರೆದು ನೋಡಿದರೆ ಮೆಟ್ಟಿಲ ಮೇಲೆ ತಟ್ಟೆ ಇತ್ತು, ಅನ್ನ, ಮಸೂರದ ಬೇಳೆ, ಹುರಿದ ಮೀನು. ಎಲ್ವಿರಾ ಅಷ್ಟರಲ್ಲಿ ಬೀದಿಯ ತಿರುವಿನಲ್ಲಿದ್ದಳು. ಇಲಾರಿಯಾ ಒಂದು ಅಗುಳೂ ಬಿಡದೆ ತಿಂದಳು.

ತಟ್ಟೆಯನ್ನು ಸೋಪು ಹಾಕಿ ತೊಳೆದು, ಒಣಗಿಸಿ, ಸಂಜೆ ತಾನೇ ಊಟದ ಮನೆಗೆ ಒಯ್ದು ಕೊಟ್ಟಳು. ಎಲ್ವಿರಾ ತಟ್ಟೆ ತೆಗೆದುಕೊಂಡಳು. ಮುಖ ನೋಡಲಿಲ್ಲ, ಮಾತಾಡಲಿಲ್ಲ. ನಲ್ಲಿಯ ಹತ್ತಿರ ಹೋಗಿ, ಅವಳೆದುರಿಗೇ ಆ ತಟ್ಟೆಯನ್ನು ಮತ್ತೊಮ್ಮೆ ತೊಳೆದಳು.

ಇಲಾರಿಯಾ ಬದುಕಿದ್ದ ಇನ್ನೂ ಮೂರು ವರ್ಷ ಪ್ರತಿ ಗುರುವಾರವೂ ಹೀಗೇ ನಡೆಯಿತು. ಅವಳು ನಲ್ಲಿಯ ನೀರು ನಿಲ್ಲುವವರೆಗೂ ಕಾದಿದ್ದು, ಆಮೇಲೆ ಮನೆಯ ಕಡೆ ನಡೆಯುತ್ತಿದ್ದಳು.